ಮುಂದಿನ ಕೋಣೆಗೆ ಬಂದ ಹಡಗು

ಸಾಹೇಬರು: ನಾಲ್ಕನೇ ಕಲಮು ಓದಿದ್ದೀಯೋ ಇಲ್ವೋ, ಅಷ್ಟು ಹೇಳು ಸಾಕು.

ಹೆಂಡತಿ: ನಮ್ಮಕ್ಕನ ಸೊಂಟದ ಮೂಳೆ ಮುರಿದಿದೆ ರೀ. ಮೂಳೆಗೂ ಕಲಮಿಗೂ ಏನು ಸಂಬಂಧ?

ಸಾಹೇಬರು: ಸಂಬಂಧ ಇದೆ. ಮುರಿದ ಮೂಳೆ ಕೂಡಿಕೊಳ್ಳುತ್ತೆ. ಮುರಿದ ಕಲಮು ಕೂಡಿಕೊಳ್ಳಲ್ಲ.

ಹೆಂಡತಿ: ಆಹಾ! ಇದನ್ನ ಆಸ್ಪತ್ರೆ ಗೋಡೆ ಮೇಲೆ ಬರೆಸಬೇಕು. ಆಪರೇಷನ್ ಕೊಠಡಿಯಿಂದ ಹೊರಗೆ ಬಂದೋರಿಗೆ ಎಷ್ಟು ಸಮಾಧಾನ!

ಸಾಹೇಬರು ಬೆತ್ತದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತರು. ಕಾನೂನು ಇಲಾಖೆಯಲ್ಲಿ ಕಾಯಿದೆಗಳಿಗೂ ಕರಾರುಗಳಿಗೂ ಒಪ್ಪಂದಗಳಿಗೂ ಕರಡು ಬರೆಯುತ್ತಲೇ ತಲೆ ಬೆಳ್ಳಗಾದ ಅವರನ್ನು ಇಡೀ ಬೀದಿ ಕರಡು ಸಾಹೇಬರೆಂದೇ ಕರೆಯುತ್ತಿತ್ತು. ಅವರು ನಿವೃತ್ತರಾದದ್ದು ೨೦೧೪ನೆಯ ಇಸವಿ ಜೂನ್ ೩೦, ಸೋಮವಾರ. ರಾಜ್ಯವನ್ನು ಕಟ್ಟುಪಾಡಿಗೆ ಒಳಪಡಿಸುವ ಅಧಿಕಾರ ಕೈತಪ್ಪಿದ ಮೇಲೆ ಅವರ ದೃಷ್ಟಿ ಅಡುಗೆಮನೆಯತ್ತ ಹೊರಳಿತು. ಒಂದು ಬೆಳಿಗ್ಗೆ ಡಬ್ಬಿಗಳನ್ನೆಲ್ಲ ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿಟ್ಟರು. ಉಪ್ಪು ಮೇಲಿನ ಸಾಲಿಗೂ ಸಕ್ಕರೆ ಅಟ್ಟಕ್ಕೂ ಹೋದವು. ಅನಂತರ ಮನೆಯಲ್ಲಿ ನಡೆದ ಯುದ್ಧವನ್ನು ವರ್ಣಿಸುವುದು ಅನಗತ್ಯ. ಅದರ ಫಲವಾಗಿ ಅದೇ ವರ್ಷದ ನವೆಂಬರ್ ೯, ಭಾನುವಾರ, ಮೂವತ್ತೊಂದು ಕಲಮುಗಳ 'ಗೃಹಶಾಂತಿ ಒಪ್ಪಂದ' ಸಿದ್ಧವಾಯಿತು. ಮೊದಲನೆಯ ಪಕ್ಷ ಹೆಂಡತಿ. ಎರಡನೆಯ ಪಕ್ಷ ಗಂಡ. ಸರ್ಕಾರಿ ಆಸ್ಪತ್ರೆಯಲ್ಲಿ ಹಿರಿಯ ದಾದಿಯಾಗಿದ್ದ ಆಕೆ ಅದನ್ನು ಓದದೆಯೇ ಸಹಿ ಹಾಕಿದ್ದರು. ಆ ಹೊತ್ತಿನಲ್ಲಿ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

ಅಂದು ಬೀರುವಿನ ತಳ ಸೇರಿದ ಆ ಕಾಗದ ಈಗ ಹೊರಬಂದು ಅವರಿಬ್ಬರ ನಡುವಿನ ಮೇಜಿನ ಮೇಲಿತ್ತು. ಹೆಂಡತಿಯ ಅಕ್ಕನನ್ನು ಸೋಮವಾರ ಆಸ್ಪತ್ರೆಯಿಂದ ಮನೆಗೆ ಕಳುಹಿಸುವವರಿದ್ದರು. ಆಕೆ ಒಬ್ಬರೇ ಇರುವುದು ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ. ಮೆಟ್ಟಿಲು ಹತ್ತಕೂಡದೆಂದು ವೈದ್ಯರ ಅಪ್ಪಣೆ. ಈ ಮನೆಯಲ್ಲಿಯೂ ಮಲಗುವ ಕೋಣೆಗಳಿರುವುದು ಮಹಡಿಯ ಮೇಲೆ. ಕೆಳಗೆ ಮಂಚ ಹಿಡಿಸುವ ಜಾಗವೆಂದರೆ ಈ ಮುಂದಿನ ಕೋಣೆಯೊಂದೇ. ಅದರ ನಾಲ್ಕು ಗೋಡೆಗಳಿಗೂ ಸಾಹೇಬರ ಕರಡುಗಳು ಕೆಂಪು ರಟ್ಟಿನ ಸಂಪುಟಗಳಾಗಿ ಒರಗಿ ನಿಂತಿದ್ದವು.

ಹೆಂಡತಿ: ಹನ್ನೊಂದನೇ ಕಲಮು ನಾನೂ ಓದಿದ್ದೀನಿ. ಕಾಯಿಲೆ ಬಿದ್ದ ಬಂಧುಗಳು ಮನೆಯಲ್ಲಿ ತಂಗಬಹುದು ಅಂತ ನೀವೇ ಬರೆದಿದ್ದೀರಿ.

ಸಾಹೇಬರು: ಬರೆದಿದ್ದೀನಿ. ಆದರೆ ನಾಲ್ಕನೇ ಕಲಮು ಹೇಗೆ ಶುರುವಾಗುತ್ತೆ? "ಹನ್ನೊಂದನೆಯ ಕಲಮಿನಲ್ಲಿ ಏನೇ ಒಳಗೊಂಡಿದ್ದರೂ, ಮುಂದಿನ ಕೋಣೆಯು ಎರಡನೆಯ ಪಕ್ಷದ ಪೂರ್ಣ ಅಧೀನದಲ್ಲಿರತಕ್ಕದ್ದು." ಈ 'ಏನೇ ಒಳಗೊಂಡಿದ್ದರೂ' ಅನ್ನೋ ಮಾತಿದೆಯಲ್ಲ, ಇದು ಸಾಮಾನ್ಯ ಮಾತಲ್ಲ. ಇದನ್ನ ತಲೆ ಮೇಲಿಟ್ಟುಕೊಂಡು ಬಂದ ಕಲಮು ಮಿಕ್ಕ ಕಲಮಿನ ತಲೆ ಮೇಲೆ ಕೂರುತ್ತೆ.

ಹೆಂಡತಿ: ಮಿಕ್ಕವರ ತಲೆ ಮೇಲೆ ಕೂರೋದು ನಿಮ್ಮಿಂದಲೇ ಕಲಿತಿರಬೇಕು ಅದು.

ಸಾಹೇಬರು: ನಾನು ಬೇಡ ಅನ್ನಲ್ಲ. ಹನ್ನೊಂದರ ಪ್ರಕಾರ ಮೇಲಿನ ಕೋಣೆಯಲ್ಲಿ ಧಾರಾಳವಾಗಿ ಇರಲಿ.

ಹೆಂಡತಿ: ಮೇಲಕ್ಕೆ ಹೇಗೆ ಹೋಗಬೇಕು? ಹಗ್ಗ ಕಟ್ಟಿ ಎಳೆಯೋಣವಾ?

ಸಾಹೇಬರು: ಸಾಗಣೆ ಬಗ್ಗೆ ಒಪ್ಪಂದದಲ್ಲಿ ಏನೂ ಹೇಳಿಲ್ಲ.

ಹೆಂಡತಿ: ಮೆಟ್ಟಿಲು ಹತ್ತಬಾರದು ಅಂತ ಡಾಕ್ಟ್ರು ಹೇಳಿದ್ದಾರೆ.

ಸಾಹೇಬರು: ಡಾಕ್ಟ್ರು ಈ ಒಪ್ಪಂದದ ಪಕ್ಷಗಾರರಲ್ಲ. ಮೂರನೆಯವರ ಮಾತು ನಮ್ಮನ್ನ ಕಟ್ಟಿಹಾಕಲ್ಲ.

ಹೆಂಡತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ವಾರ್ಡಿನಲ್ಲಿ ಹಟಮಾರಿ ರೋಗಿಗೆ ಸೂಜಿ ಚುಚ್ಚುವ ಮೊದಲು ಅವರು ಹೀಗೆಯೇ ಮಾಡುತ್ತಿದ್ದರು.

ಹೆಂಡತಿ: ಸರಿ. ಅದೇ ನಾಲ್ಕರ ಬಾಲದಲ್ಲಿ ಇನ್ನೊಂದು ಇದೆ. "ಪರಂತು, ಎರಡನೆಯ ಪಕ್ಷದ ಲಿಖಿತ ಒಪ್ಪಿಗೆಯಿದ್ದಲ್ಲಿ ಇತರರು ತಂಗಬಹುದು." ತಗೊಳ್ಳಿ ಪೆನ್ನು. ಬರೆದುಕೊಡಿ ಒಪ್ಪಿಗೆ.

ಸಾಹೇಬರು: ಒಪ್ಪಿಗೆ ಕೊಡಬೇಕಾದ್ರೆ ಮೊದಲು ಅರ್ಜಿ ಬರಬೇಕು.

ಹೆಂಡತಿ: ಕೊಟ್ಟೆ ಅಂತಿಟ್ಕೊಳ್ಳಿ.

ಸಾಹೇಬರು: ತಿರಸ್ಕರಿಸಿದೆ ಅಂತಿಟ್ಕೋ.

ಹೆಂಡತಿ: ನನಗೆ ಗೊತ್ತು ರೀ ನಿಮ್ಮ ಹೊಟ್ಟೆಯೊಳಗಿನ ಮಾತು. ಕಲಮೂ ಅಲ್ಲ, ಕಾಗೆಯೂ ಅಲ್ಲ. ಆ ಕೆಂಪು ಪೆನ್ಸಿಲ್ಲು!

ಸಾಹೇಬರ ಮುಖದ ಬಣ್ಣ ಬದಲಾಯಿತು. ಅಕ್ಕ ನಿವೃತ್ತ ಮುಖ್ಯೋಪಾಧ್ಯಾಯಿನಿ. ಹಿಂದೊಮ್ಮೆ ಬಂದಾಗ ಹೊತ್ತು ಹೋಗದೆ ಕೆಂಪು ರಟ್ಟಿನ ಸಂಪುಟವೊಂದನ್ನು ತೆರೆದು, ಸಾಹೇಬರು ಒಂದು ಮಳೆಗಾಲವಿಡೀ ಕುಳಿತು ಕೆತ್ತಿದ್ದ ಮೂರು ಪುಟಗಳ ಕಲಮೊಂದಕ್ಕೆ ಅಡ್ಡಗೆರೆ ಎಳೆದು, ಅಂಚಿನಲ್ಲಿ ದುಂಡಗೆ ಬರೆದಿಟ್ಟಿದ್ದರು: 'ಕದಿಯಬಾರದು. ಇಷ್ಟೇ ಸಾಕಲ್ಲವೇ?' ಅಷ್ಟೇ ಅಲ್ಲ, ವಾಕ್ಯ ಮುಗಿಸಲು ಮನಸ್ಸು ಬಾರದ ಈ ತಂಗಿಯ ಗಂಡನಿಗೆ 'ಅಲ್ಪವಿರಾಮ' ಎಂಬ ಅಡ್ಡಹೆಸರನ್ನೂ ಇಟ್ಟುಹೋಗಿದ್ದರು.

ಸಾಹೇಬರು: ನ್ಯಾಯಾಲಯ ಹೊಗಳಿದ ಕಲಮು ಅದು!

ಹೆಂಡತಿ: ಹೊಗಳಿ, ಕಳ್ಳನ್ನ ಬಿಟ್ಟುಬಿಡ್ತು.

ಸಾಹೇಬರು: ಬಿಟ್ಟಿದ್ದು ಬೇರೆ ಕಾರಣಕ್ಕೆ.

ಹೆಂಡತಿ: ಹೌದೌದು, ಕಳ್ಳನೂ ಕೊನೇತನಕ ಓದಿರಲಿಲ್ಲವಂತೆ. ನೋಡಿ, ಈ ಕಾಗದ ಒಂದು ತಮಾಷೆ. ಜಗಳ ಆಯ್ತು, ಏನೋ ಸುಮ್ನೆ ಬರೆದ್ರಿ, ಸುಮ್ನೆ ಸಹಿ ಹಾಕಿದೆ.

'ಸುಮ್ನೆ' ಎಂಬ ಮಾತು ಸಾಹೇಬರ ಕಿವಿಗೆ ಕಾಯ್ದ ಎಣ್ಣೆಯಂತೆ ಬಿತ್ತು. ಅವರು ಎದ್ದು ನಿಂತರು.

ಸಾಹೇಬರು: ಸುಮ್ನೆ ಬರೆದ ಕಲಮು ಅಂತ ಈ ಪ್ರಪಂಚದಲ್ಲಿ ಒಂದೂ ಇಲ್ಲ! ಸಂವಿಧಾನ ಆಗಲಿ, ಕರಾರು ಆಗಲಿ, ದೇಶ ದೇಶಗಳ ನಡುವಿನ ಒಪ್ಪಂದ ಆಗಲಿ, ಬರೆದ ಮೇಲೆ ಪ್ರತಿ ಮಾತಿಗೂ ಅರ್ಥ ಇದೆ ಅಂತಲೇ ಓದಬೇಕು. ಇವತ್ತು ಇದೊಂದು ಕಲಮು ದಂಡ ಅಂತೀಯ. ನಾಳೆ ಪ್ರಜೆಗೆ ಮಾತಾಡೋ ಹಕ್ಕು ಕೊಡೋ ಕಲಮೂ ದಂಡ ಅಂತಾನೆ ಇನ್ನೊಬ್ಬ. ಅದಕ್ಕೇ ಎರಡನೇ ಕಲಮಿನಲ್ಲಿ ಬರೆದಿದ್ದೀನಿ. "ಈ ಒಪ್ಪಂದದ ಯಾವ ಕಲಮನ್ನೂ ವ್ಯರ್ಥವೆಂದಾಗಲಿ ನಿರರ್ಥಕವೆಂದಾಗಲಿ ಭಾವಿಸತಕ್ಕದ್ದಲ್ಲ."

ಹೆಂಡತಿ: ಯಾವ ಕಲಮನ್ನೂ?

ಸಾಹೇಬರು: ಯಾವ ಕಲಮನ್ನೂ!

ಹೆಂಡತಿ: ಇದು ನಿಮ್ಮ ಕೊನೇ ಮಾತಾ?

ಸಾಹೇಬರು: ಶಾಸನ.

ಹೆಂಡತಿ: ಹಾಗಾದ್ರೆ ಮೂವತ್ತನೇ ಕಲಮಿನ ಪ್ರಕಾರ ಮಧ್ಯಸ್ಥರನ್ನ ಕರೆಸಿದ್ದೀನಿ. ಬಾಗಿಲಲ್ಲೇ ನಿಂತಿದ್ದಾರೆ. ಒಳಗೆ ಬನ್ನಿ ಟೈಪಿಸ್ಟ್ರೇ, ಚಪ್ಪಲಿ ಅಲ್ಲೇ ಬಿಡಿ.

ಸಾಹೇಬರ ಕರಡುಗಳನ್ನೆಲ್ಲ ಕಚೇರಿಯಲ್ಲಿ ಬೆರಳಚ್ಚು ಮಾಡಿ, ನಿವೃತ್ತಿಯ ನಂತರ ಅದೇ ಬೀದಿಯ ಕೊನೆಯಲ್ಲಿ ಮನೆ ಮಾಡಿದ್ದ ಟೈಪಿಸ್ಟ್ ಒಳಗೆ ಬಂದು, ಗಂಡನಿಗೂ ಹೆಂಡತಿಗೂ ಸಮಾನ ದೂರದಲ್ಲಿದ್ದ ಸ್ಟೂಲನ್ನು ಆರಿಸಿಕೊಂಡು ಕುಳಿತರು. ಅಡ್ಡಗೋಡೆಯ ಮೇಲೆ ದೀಪವಿಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

ಟೈಪಿಸ್ಟ್: ನಮಸ್ಕಾರ ಸಾರ್. ನಮಸ್ಕಾರ ಅಮ್ಮ. ನನಗೆ ಇಬ್ಬರೂ ಒಂದೇ. ಮಧ್ಯಸ್ಥರ ಖರ್ಚನ್ನ ಪಕ್ಷಗಾರರೇ ನೋಡ್ಕೋಬೇಕು ಅಂತ ಮೂವತ್ತರಲ್ಲಿ ಇರಬೇಕು.

ಹೆಂಡತಿ: ಚಹಾ ಇಟ್ಟಿದ್ದೀನಿ.

ಟೈಪಿಸ್ಟ್: ಬಿಸ್ಕತ್ತು ಖರ್ಚಿನಲ್ಲಿ ಸೇರುತ್ತೋ ಇಲ್ವೋ, ಅದನ್ನ ಆಮೇಲೆ ತೀರ್ಮಾನ ಮಾಡೋಣ.

ಸಾಹೇಬರು: ಸೇರಲ್ಲ. ನೋಡಪ್ಪ, ವಿಷಯ ಸರಳ. ನಾಲ್ಕನೇ ಕಲಮು...

ಹೆಂಡತಿ: ನಾಲ್ಕು ಆಯ್ತು, ಹನ್ನೊಂದು ಆಯ್ತು. ನೀವು ಇಪ್ಪತ್ತೊಂಬತ್ತು ಓದಿ ಟೈಪಿಸ್ಟ್ರೇ. ಜೋರಾಗಿ.

ಟೈಪಿಸ್ಟ್ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡರು. ಅಧಿಸೂಚನೆಗಳನ್ನು ಗಟ್ಟಿಯಾಗಿ ಓದಿ ಪಳಗಿದ ಕಂಠ ಅವರದು.

ಟೈಪಿಸ್ಟ್: "ಈ ಒಪ್ಪಂದದ ಇತರ ಯಾವುದೇ ಕಲಮಿನಲ್ಲಿ ಏನೇ ಒಳಗೊಂಡಿದ್ದರೂ, ಮೊದಲನೆಯ ಪಕ್ಷಕ್ಕೆ ಸಂಬಂಧಿಸಿದ ಯಾವುದೇ ಹಡಗು ಅಪಘಾತಕ್ಕೀಡಾಗಿ ಚಲಿಸಲು ಅಸಮರ್ಥವಾದಲ್ಲಿ, ಅದು ಎರಡನೆಯ ಪಕ್ಷದ ಮುಂದಿನ ಕೋಣೆಯನ್ನು ಪ್ರವೇಶಿಸತಕ್ಕದ್ದು ಮತ್ತು ದುರಸ್ತಿ ಪೂರ್ಣಗೊಳ್ಳುವವರೆಗೆ ಅಲ್ಲಿಯೇ ತಂಗತಕ್ಕದ್ದು."



ಸಾಹೇಬರು: ಹಡಗು? ನಮ್ಮ ಮನೆ ಒಪ್ಪಂದದಲ್ಲಿ ಹಡಗು ಎಲ್ಲಿಂದ ಬಂತು?

ಟೈಪಿಸ್ಟ್: ಸಮುದ್ರದಿಂದ ಸಾರ್.

ಸಾಹೇಬರು: ತಮಾಷೆ ಬೇಡ!

ಟೈಪಿಸ್ಟ್: ಮೀನುಗಾರಿಕೆ ಒಪ್ಪಂದದಿಂದ ಸಾರ್. ಎರಡು ನೆರೆ ರಾಷ್ಟ್ರಗಳ ಮಧ್ಯೆ ಆಗಬೇಕಾಗಿತ್ತಲ್ಲ, ಅದು. ಹೊಸದಾಗಿ ಬರೆಯೋದು ಯಾಕೆ, ಪರೀಕ್ಷೆ ಆದ ಮಾದರಿ ಇದೆ ಅಂತ ನೀವೇ ಆ ಸಂಪುಟ ಕೊಟ್ರಿ.

ಅದು ಸಾಹೇಬರ ಜೀವಮಾನದ ಹೆಮ್ಮೆ. ೧೯೯೮ನೆಯ ಇಸವಿ ಮಾರ್ಚ್ ೧೭, ಮಂಗಳವಾರ, ಅದಕ್ಕೆ ಅಂತಿಮ ರೂಪ ಕೊಟ್ಟಿದ್ದರು. ಸಹಿಯಾಗುವ ಮೊದಲೇ ಎರಡೂ ಕಡೆಯ ಸರ್ಕಾರಗಳು ಬಿದ್ದುಹೋದವು. ಕರಡು ಮಾತ್ರ ಕೆಂಪು ರಟ್ಟಿನೊಳಗೆ ಅಲುಗಾಡದೆ ನಿಂತಿತ್ತು.

ಟೈಪಿಸ್ಟ್: 'ನೆರೆ ರಾಷ್ಟ್ರ' ಇರೋ ಕಡೆ 'ಮೊದಲನೆಯ ಪಕ್ಷ' ಅಂತ ಹಾಕು ಅಂದ್ರಿ, ಹಾಕಿದೆ. 'ನಮ್ಮ ರಾಷ್ಟ್ರ' ಇರೋ ಕಡೆ 'ಎರಡನೆಯ ಪಕ್ಷ' ಅಂದ್ರಿ, ಹಾಕಿದೆ. 'ಬಂದರು' ಇರೋ ಕಡೆಯೆಲ್ಲ 'ಮುಂದಿನ ಕೋಣೆ' ಅಂದ್ರಿ, ಅದನ್ನೂ ಹಾಕಿದೆ. ಹಡಗಿನ ಬಗ್ಗೆ ನೀವು ಬಾಯೇ ಬಿಡಲಿಲ್ಲ.

ಸಾಹೇಬರು: ಬುದ್ಧಿ ಇರಲಿಲ್ವೇನಯ್ಯ? ಗಂಡ ಹೆಂಡತಿ ನಡುವೆ ಹಡಗು ಯಾಕೆ ಅಂತ ಕೇಳಬಾರದಾಗಿತ್ತಾ?

ಟೈಪಿಸ್ಟ್: ಮೊದಲು ಒಂದ್ಸಲ ಕೇಳಿದ್ದೆ ಸಾರ್, ಕುರಿ ಸಾಕಣೆ ಮಸೂದೆಯಲ್ಲಿ ವಿಮಾನ ಯಾಕಿದೆ ಅಂತ. ಟೈಪಿಸ್ಟು ಟೈಪ್ ಮಾಡತಕ್ಕದ್ದು ಅಂದ್ರಿ.

ಹೆಂಡತಿ: ನೀವಾದರೂ ಸಹಿ ಹಾಕೋ ಮುಂಚೆ ಒಮ್ಮೆ ಓದಬಹುದಿತ್ತಲ್ಲ ರೀ?

ಸಾಹೇಬರು: ನಾನೇ ಬರೆದಿದ್ದನ್ನ ನಾನೇ ಯಾಕೆ ಓದಲಿ?

ಹೆಂಡತಿ: ಪಾಪ, ಮಿಕ್ಕವರಿಗೂ ಹಾಗೇ ಅನ್ನಿಸುತ್ತೆ.

ಸಾಹೇಬರು: ಸಾಕು! ಅದು ಕೈತಪ್ಪಿ ಉಳಿದುಕೊಂಡ ಕಲಮು. ಇಲ್ಲಿ ಅದಕ್ಕೆ ಅರ್ಥ ಇಲ್ಲ. ವ್ಯರ್ಥ. ನಿರರ್ಥಕ...

ಮಾತು ಬಾಯಿಂದ ಹೊರಬಿದ್ದ ಮೇಲೆ ಅದನ್ನು ಹಿಂದಕ್ಕೆಳೆಯುವ 'ಪರಂತು' ಯಾವ ಭಾಷೆಯಲ್ಲಿಯೂ ಇಲ್ಲ. ಹೆಂಡತಿ ಎರಡನೆಯ ಕಲಮಿನ ಮೇಲೆ ಬೆರಳಿಟ್ಟು, ಕಾಗದವನ್ನು ಮೆಲ್ಲಗೆ ಗಂಡನತ್ತ ತಿರುಗಿಸಿದರು.

ಟೈಪಿಸ್ಟ್: ಅದಕ್ಕೆ ಅರ್ಥ ಕೊಡಲೇಬೇಕಾಗುತ್ತೆ ಸಾರ್. ಇಲ್ಲದಿದ್ರೆ ಪ್ರಜೆಗೆ ಮಾತಾಡೋ ಹಕ್ಕು ಹೋಗುತ್ತೆ ಅಂತ ಈಗ ತಾನೇ ಬಾಗಿಲಲ್ಲಿ ಕೇಳಿಸ್ತು.

ಸಾಹೇಬರು: ಸರಿ, ಕೊಡೋಣ. ಕೊಡೋಣವಂತೆ. ಮೊಮ್ಮಗನ ಪ್ಲಾಸ್ಟಿಕ್ ದೋಣಿ ಬಚ್ಚಲುಮನೆಯಲ್ಲಿ ಬಿದ್ದಿದೆ. ಒಂದು ಕಡೆ ಬಿರುಕು ಬಿಟ್ಟಿದೆ. ಅದೇ ಹಡಗು! ತಂದು ಆ ಕಪಾಟಿನ ಮೇಲಿಡಿ. ಕಲಮು ಪಾಲಿಸಿದ ಹಾಗಾಯ್ತು.

ಟೈಪಿಸ್ಟ್: ಆಗಬಹುದು. ವ್ಯಾಖ್ಯೆ ಏನಿದೆ ನೋಡೋಣ. ಮೂರನೇ ಕಲಮು. "ಹಡಗು ಎಂಬುದು, ಸ್ವಂತ ಬಲದಿಂದಾಗಲಿ ಅನ್ಯರ ನೆರವಿನಿಂದಾಗಲಿ ಚಲಿಸುವ, ಯಾವುದೇ ಗಾತ್ರದ, ಯಾವುದೇ ಕಾಲದಲ್ಲಿ ಅಸ್ತಿತ್ವಕ್ಕೆ ಬಂದ, ಯಾವುದೇ ವಸ್ತುವಿನಿಂದ ರಚಿತವಾದ, ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಹೊಂದಿರುವ ಎಲ್ಲವನ್ನೂ ಒಳಗೊಳ್ಳತಕ್ಕದ್ದು." ದೋಣಿಗೆ ಹೆಸರಿದೆಯಾ ಅಮ್ಮ?

ಹೆಂಡತಿ: ಇಲ್ಲ.

ಟೈಪಿಸ್ಟ್: ನೋಂದಣಿ?

ಹೆಂಡತಿ: ಬಚ್ಚಲುಮನೆಯಲ್ಲಿ ಆ ಸೌಕರ್ಯ ಇಲ್ಲ. ನಮ್ಮಕ್ಕನಿಗೆ ಹೆಸರಿದೆ. ಆಸ್ಪತ್ರೆಯಲ್ಲಿ ನೋಂದಣಿ ಆಗಿದೆ, ಸಂಖ್ಯೆಯನ್ನ ಕೈಗೇ ಕಟ್ಟಿದ್ದಾರೆ. ಸದ್ಯಕ್ಕೆ ಅನ್ಯರ ನೆರವಿನಿಂದ ಚಲಿಸ್ತಾಳೆ. ಗಾತ್ರ ಯಾವುದಾದರೂ ಪರವಾಗಿಲ್ಲ ಅಂತ ದೊಡ್ಡ ಮನಸ್ಸು ಮಾಡಿದ್ದೀರಿ, ನಿಮಗೆ ಒಳ್ಳೇದಾಗಲಿ. ವಸ್ತು ಅಂತೀರಾ, ಸೊಂಟಕ್ಕೆ ಸ್ಟೀಲ್ ರಾಡು ಹಾಕಿದ್ದಾರೆ.

ಸಾಹೇಬರು: ಎಲ್ಲಾದರೂ ಉಂಟೇ? ಹಡಗು ಅಂದ್ರೆ ನೀರಿನ ಮೇಲೆ ತೇಲಬೇಕು! ನೀರು ಎಲ್ಲಿ?

ಟೈಪಿಸ್ಟ್: ನೀರು ಇತ್ತು ಸಾರ್. ನೀವೇ ಹೊಡೆದು ಹಾಕಿಸಿದ್ರಿ. ಮರಳಿನಲ್ಲಿ ಸಿಕ್ಕಿಕೊಂಡ ಹಡಗು ಹಡಗೇ ಅಲ್ಲ ಅಂತ ನಾಳೆ ಯಾವನಾದರೂ ವಾದ ಮಾಡ್ತಾನೆ, ನೀರು ತೆಗಿ ಅಂದ್ರಿ.

ಹೆಂಡತಿ: ಎಷ್ಟು ಮುಂದಾಲೋಚನೆ! ನಮ್ಮಕ್ಕ ಮುಂದೆ ಯಾವತ್ತೋ ಬೀಳ್ತಾಳೆ ಅಂತ ಇವರಿಗೆ ಆಗಲೇ ಗೊತ್ತಿತ್ತು ಟೈಪಿಸ್ಟ್ರೇ. ಬಾಯಲ್ಲಿ ಹೀಗಂತಾರೆ ಅಷ್ಟೇ, ಮನಸ್ಸು ಬೆಣ್ಣೆ.

ಸಾಹೇಬರು ಕುರ್ಚಿಗೆ ಕುಸಿದರು. ಕೋಲು ಕೊಟ್ಟು ಹೊಡೆಸಿಕೊಂಡವರನ್ನು ಅವರು ಕಚೇರಿಯಲ್ಲಿ ಬೇಕಾದಷ್ಟು ಕಂಡಿದ್ದರು. ಕೋಲನ್ನು ಇಷ್ಟು ನಾಜೂಕಾಗಿ ತಾವೇ ಕೆತ್ತಿ ಕೊಟ್ಟವರನ್ನು ಕಂಡಿರಲಿಲ್ಲ. ಆದರೂ ಅವರ ಹಳೆಯ ಕಸುಬು ಅಷ್ಟು ಬೇಗ ಸೋಲೊಪ್ಪುವಂಥದಲ್ಲ. ಕಲಮನ್ನು ಕೈಗೆ ತೆಗೆದುಕೊಂಡು ಮತ್ತೊಮ್ಮೆ ನೋಡಿದರು. ಮುಖ ಕೊಂಚ ಅರಳಿತು.

ಸಾಹೇಬರು: "ದುರಸ್ತಿ ಪೂರ್ಣಗೊಳ್ಳುವವರೆಗೆ." ಹಾಂ! ಶಾಶ್ವತವಾಗಿ ಅಲ್ಲ. ಮೂಳೆ ಕೂಡಿದ ದಿನ ಲಂಗರು ಎತ್ತಬೇಕು. ಆಗಬಹುದು. ಕಲಮಿಗೆ ತಲೆಬಾಗ್ತೀನಿ. ನಿನಗಲ್ಲ, ಕಲಮಿಗೆ.

ಹೆಂಡತಿ: ಯಾರಿಗೆ ಬಾಗಿದ್ರೂ ಸರಿ, ಆ ಕಪಾಟು ಬಾಗಿಲಿಗೆ ಅಡ್ಡ ಇದೆ, ಸ್ವಲ್ಪ ಸರಿಸಿ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಆಸ್ಪತ್ರೆಯಿಂದ ಅಕ್ಕ. ಹೆಂಡತಿ ಧ್ವನಿಯನ್ನು ಎಲ್ಲರಿಗೂ ಕೇಳಿಸುವಂತೆ ಮಾಡಿ ಫೋನನ್ನು ಮೇಜಿನ ಮೇಲಿಟ್ಟರು. ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ಆ ಕಂಠಕ್ಕೆ ಯಂತ್ರದ ನೆರವು ಬೇಕಿರಲಿಲ್ಲ.

ಅಕ್ಕ: ಏನೇ, ನಿನ್ನ ಗಂಡ ಇದ್ದಾನಾ ಪಕ್ಕದಲ್ಲಿ? ಇರಲಿ, ಕೇಳಿಸ್ಕೊಳ್ಳಲಿ. ನಾನು ನಿಮ್ಮ ಮನೆಗೆ ಬರಲ್ಲ.

ಹೆಂಡತಿ: ಯಾಕಕ್ಕ?

ಅಕ್ಕ: ಷರತ್ತಿನ ಮೇಲೆ ನಡೆಯೋ ಮನೆ ಅದು. ಊರುಗೋಲು ಎಲ್ಲಿ ಊರಬೇಕು ಅನ್ನೋದಕ್ಕೂ ಒಂದು ಕಲಮು ಇರುತ್ತೆ. ಇಲ್ಲೇ ಆಸ್ಪತ್ರೆ ಹಿಂದೆ ಬಾಡಿಗೆ ಕೋಣೆ ಕೊಡ್ತಾರಂತೆ. ಒಬ್ಬಳೇ ಇದ್ದುಬಿಡ್ತೀನಿ. ಏನಪ್ಪಾ ಅಲ್ಪವಿರಾಮ, ನಿನಗೆ ಸಂತೋಷ ತಾನೇ?

ಸಾಹೇಬರಿಗೆ ಸಂತೋಷವಾಗಬೇಕಿತ್ತು. ಕೋಣೆ ಉಳಿಯಿತು, ಸಂಪುಟಗಳು ಉಳಿದವು, ಕೆಂಪು ಪೆನ್ಸಿಲ್ಲು ಬಾಗಿಲಿನಾಚೆಯೇ ನಿಂತಿತು. ಅಷ್ಟರಲ್ಲಿ ಬಾಡಿಗೆ ಕೋಣೆಯೊಂದರಲ್ಲಿ ಗೋಡೆ ಹಿಡಿದು ನಡೆಯುವ ಮುದುಕಿಯೊಬ್ಬಳ ಚಿತ್ರ ಕಣ್ಣೆದುರು ಬಂತು. ಅದನ್ನು ಅವರು ಒಡನೆಯೇ ತಳ್ಳಿಹಾಕಿದರು. ಅದು ಯಾವ ಕಲಮಿನ ವ್ಯಾಪ್ತಿಗೂ ಬರುತ್ತಿರಲಿಲ್ಲ. ತಳ್ಳಲಾಗದೆ ಉಳಿದದ್ದು ಇನ್ನೊಂದು: ತಾವು ಬರೆದ ಕಲಮನ್ನು ಒಬ್ಬರು ಇಷ್ಟು ಹಗುರವಾಗಿ ಉಲ್ಲಂಘಿಸುತ್ತಿದ್ದಾರೆ.

ಸಾಹೇಬರು: ಬರಲ್ಲ ಅನ್ನೋದಕ್ಕೆ ಆಗಲ್ಲ ಅಕ್ಕಾವ್ರೇ.

ಅಕ್ಕ: ಅಂದ್ರೆ?

ಸಾಹೇಬರು: 'ತಂಗಬಹುದು' ಅಂತ ಬರೆದಿಲ್ಲ. 'ತಂಗತಕ್ಕದ್ದು' ಅಂತ ಬರೆದಿದೆ. ಬಹುದು ಅಂದ್ರೆ ನಿಮ್ಮಿಷ್ಟ. ತಕ್ಕದ್ದು ಅಂದ್ರೆ ಬರಲೇಬೇಕು.

ಅಕ್ಕ: ನಾನೇನು ಸಹಿ ಹಾಕಿದ್ದೀನಾ?

ಸಾಹೇಬರು: ಹಡಗು ಎಲ್ಲಾದರೂ ಸಹಿ ಹಾಕುತ್ತಾ?

ಅಕ್ಕ: ಏನಂದೆ?

ಹೆಂಡತಿ: ಆಮೇಲೆ ಹೇಳ್ತೀನಕ್ಕ. ಬೈಗುಳ ಅಲ್ಲ, ವ್ಯಾಖ್ಯೆ.

ಸಾಹೇಬರು: ಬಾಡಿಗೆ ಕೋಣೆಗೆ ಹೋದ್ರೆ ಒಪ್ಪಂದದ ಉಲ್ಲಂಘನೆ ಆಗುತ್ತೆ. ಸೋಮವಾರ ನಾನೇ ಗಾಡಿ ತಗೊಂಡು ಬರ್ತೀನಿ. ಬೇಕಾದ್ರೆ ಕೇಳಿ, ಪೂರ್ತಿ ಓದ್ತೀನಿ. ಉಪಕಲಮುಗಳ ಸಮೇತ!

ಅವರು ಪುಟ ತಿರುವಿ, ಗಂಟಲು ಸರಿಪಡಿಸಿಕೊಂಡು, ಶಾಸನಸಭೆಯ ಮುಂದೆ ನಿಂತವರಂತೆ ಓದತೊಡಗಿದರು.

ಸಾಹೇಬರು: "ಒಂದು, ಅಂಥ ಹಡಗು ತಂಗಿರುವಷ್ಟು ಕಾಲವೂ ಅದಕ್ಕೆ ಬೇಕಾದ ಆಹಾರ, ಕುಡಿಯುವ ನೀರು ಹಾಗೂ ಇತರ ಸಾಮಗ್ರಿಗಳನ್ನು ಎರಡನೆಯ ಪಕ್ಷವೇ ಖುದ್ದಾಗಿ ಒದಗಿಸತಕ್ಕದ್ದು."

ಹೆಂಡತಿ: ಖುದ್ದಾಗಿ. ಬರೆದಿಟ್ಕೊಳ್ಳಿ ಟೈಪಿಸ್ಟ್ರೇ.

ಟೈಪಿಸ್ಟ್: ನಾನೇ ಹೊಡೆದಿದ್ದಲ್ವಾ ಅಮ್ಮ, ನೆನಪಿದೆ.

ಸಾಹೇಬರು: "ಎರಡು, ದುರಸ್ತಿಯು ಪೂರ್ಣಗೊಂಡಿದೆಯೇ ಇಲ್ಲವೇ ಎಂಬ ಬಗ್ಗೆ ಆ ಹಡಗಿನ... ಆ ಹಡಗಿನ ನಾಯಕರ..."

ದನಿ ಇಳಿಯುತ್ತ ಬಂದು ನಿಂತಿತು. ಟೈಪಿಸ್ಟ್ ಖರ್ಚಿನಲ್ಲಿ ಸೇರದ ಬಿಸ್ಕತ್ತೊಂದನ್ನು ಸದ್ದಾಗದಂತೆ ಚಹಾದಲ್ಲಿ ಅದ್ದಿದರು.

ಅಕ್ಕ: ಯಾಕಪ್ಪಾ ನಿಲ್ಲಿಸಿದೆ? ಶುರು ಮಾಡಿದ ವಾಕ್ಯ ಮುಗಿಸು.

ಸಾಹೇಬರು: "...ನಾಯಕರ ತೀರ್ಮಾನವೇ ಅಂತಿಮವಾಗಿರತಕ್ಕದ್ದು. ಅದನ್ನು ಯಾವ ಅಧಿಕಾರಿಯ ಮುಂದೆಯೂ, ಯಾವ ನ್ಯಾಯಾಲಯದಲ್ಲಿಯೂ ಪ್ರಶ್ನಿಸತಕ್ಕದ್ದಲ್ಲ."

ಆ ಕಡೆ ಬಟ್ಟೆಪೆಟ್ಟಿಗೆಯ ಚಿಲಕ ಟಪ್ಪೆಂದು ಬಿದ್ದದ್ದು ಸ್ಪಷ್ಟವಾಗಿ ಕೇಳಿಸಿತು.

ಅಕ್ಕ: ಚೆನ್ನಾಗಿ ಬರೆದಿದ್ದೀಯಪ್ಪಾ. ಒಂದಕ್ಷರ ತಿದ್ದೋ ಹಾಗಿಲ್ಲ. ಆ ಕೊನೇದು ಇದೆಯಲ್ಲ, ಅದನ್ನ ಇನ್ನೊಂದ್ಸಲ ಓದು. ನಿಧಾನವಾಗಿ.